ಆಷಾಢದ ಬ್ಯಾಂಡು

ಇಪ್ಪತ್ತಾರು ವರ್ಷ ಬಸ್ ಡಿಪೋದಲ್ಲಿ
ಡ್ರೈವರು ಕಂಡಕ್ಟರುಗಳ ಹಾಜರಿ ಬರೆದವಳು ನಾನು.
ರಿಟೈರಾದ ಮೇಲೂ ಅದೇ ಕೆಲಸ, ಸಂಬಳವಿಲ್ಲ:
ಭಾನುವಾರ ನಾಲ್ಕೂವರೆ, ಲಿಂಗರಾಜಪುರದ ಸರ್ಕಾರಿ ಶಾಲೆ,
ಆರನೇ ತರಗತಿ ‘ಬಿ’.
ಬೋರ್ಡಿನ ಮೇಲೆ ಶನಿವಾರದ ಲ.ಸಾ.ಅ.
‘ಅಳಿಸಬೇಡಿ’ ಎಂದು ಮೇಷ್ಟ್ರು ಬರೆದಿದ್ದಾರೆ,
ನಾವು ಅಳಿಸುವುದಿಲ್ಲ.

ನನಗೆ ನುಡಿಸಲು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ನನ್ನ ಹತ್ತಿರ ಇರುವುದು ಶಾಲೆಯ ಬೀಗದ ಕೈ,
ಜೆರಾಕ್ಸ್ ಅಂಗಡಿಯ ಬಾಕಿ, ಒಂದು ಉದ್ದ ಪುಸ್ತಕ,
ಮಂಚದ ಕೆಳಗೆ ಟ್ಯೂಬಾ.
ರಾತ್ರಿ ಅದರ ಬಾಯೊಳಗೆ ಬೆಕ್ಕು ಮಲಗುತ್ತದೆ,
ಮೈ ಮುರಿದರೆ ಮನೆಯೆಲ್ಲ ಗುಂಯ್ ಅನ್ನುತ್ತದೆ.

ಲೂರ್ದಸ್ವಾಮಿಗೆ ಟ್ರಾಂಬೋನು ಚಾಚಲು ಜಾಗ ಸಾಲದು,
ಮುಂದಿನ ಬೆಂಚಿನವರು ಕಿವಿ ಮುಟ್ಟಿ ನೋಡಿಕೊಳ್ಳುತ್ತಾರೆ.
ಕಾರ್ಖಾನೆಯಲ್ಲಿ ಲೇತು ತಿರುಗಿಸಿದ ಮುನಿಅಂಜಿನಪ್ಪ
ಕಾರ್ನೆಟ್ಟಿನ ಸೋತ ಸ್ಪ್ರಿಂಗಿಗೆ ಬಾಲ್‌ಪೆನ್ನಿನ ಸ್ಪ್ರಿಂಗು ಹಾಕಿದರು;
ಅಂದಿನಿಂದ ಅದಕ್ಕೆ ಕಾಗುಣಿತದ ದೋಷ.
ಹಲ್ಲಿನ ಡಾಕ್ಟರು ತಿಲೋತ್ತಮೆಯ ಕ್ಲಾರಿನೆಟ್ಟು
ಎಲ್ಲರಿಗಿಂತ ಎರಡು ಮಾತ್ರೆ ಮುಂದೆ.
‘ಬೇಗ ಮುಗಿದರೆ ನೋವು ಕಮ್ಮಿ’ ಅನ್ನುತ್ತಾರೆ.

ಮಾಘದಿಂದ ಜ್ಯೇಷ್ಠದವರೆಗೆ ಹಿಂದಿನ ಸಾಲು ಖಾಲಿ.
ಅವರೆಲ್ಲ ಮದುವೆಗೆ ಹೋಗಿರುತ್ತಾರೆ,
ಊಟಕ್ಕಲ್ಲ, ದುಡಿಮೆಗೆ.
ಅಮಾವಾಸ್ಯೆ ಕಳೆದು ಆಷಾಢ ಹುಟ್ಟಿತೋ,
ಊರಿಗೆಲ್ಲ ಅಶುಭ, ನಮಗೆ ಸುಗ್ಗಿ.
ಗಾಳಿ ಎದ್ದು ಕಿಟಕಿಗಳು ಪಟಪಟ ಬಡಿದುಕೊಳ್ಳುತ್ತವೆ,
ಸ್ವರದ ಹಾಳೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು,
ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ದಸ್ತಗೀರ್ ಸಾಬರು.

ಕಲಾಸಿಪಾಳ್ಯದ ಬ್ಯಾಂಡ್ ಸೆಟ್ಟಿನಲ್ಲಿ ಮೂವತ್ತು ವರ್ಷದ ಟ್ರಂಪೆಟ್ಟು.
ಹಾಳೆ ಓದಲು ಬಾರದು.
ಒಂದು ಸಲ ಕಣ್ಣು ಮುಚ್ಚಿ ಕೇಳುತ್ತಾರೆ,
ಎರಡನೇ ಸಲಕ್ಕೆ
ನಮ್ಮ ತಪ್ಪುಗಳನ್ನೂ ಸೇರಿಸಿ ನುಡಿಸುತ್ತಾರೆ.

ಹೋದ ವರ್ಷ ಕೇಳಿಯೇಬಿಟ್ಟೆ:
ದುಡ್ಡಿಲ್ಲ, ಊಟವಿಲ್ಲ,
ಟೀಗೂ ಚಂದಾ ಎತ್ತುತ್ತೇವೆ, ಯಾಕೆ ಬರ್ತೀರಿ?
ಮೌತ್‌ಪೀಸನ್ನು ಅಂಗೈಗೆ ತಟ್ಟಿ, ಉಗುಳು ಕೊಡವಿ,
‘ಅಲ್ಲೆಲ್ಲ ನಡೀತಾ ನುಡಿಸ್ಬೇಕು ಮೇಡಂ.
ಹಿಂದೆ ಕುದುರೆ, ಮುಂದೆ ಕುಣಿಯೋ ಹುಡುಗ್ರು, ಪಕ್ಕಕ್ಕೆ ಜನರೇಟರು.
ಇಲ್ಲಿ
ಕೂತ್ಕೊಂಡು ನುಡಿಸ್ಬೋದು.’

ಆಷಾಢದ ಕೊನೇ ಭಾನುವಾರ ರಿಚರ್ಡ್ಸ್ ಪಾರ್ಕಿನಲ್ಲಿ ಕಛೇರಿ.
ಪಾಲಿಕೆಯ ಅನುಮತಿ ಪತ್ರದಲ್ಲಿ ಒಂಬತ್ತು ಷರತ್ತು,
ಏಳನೆಯದು: ಶಬ್ದ ಮಾಡತಕ್ಕದ್ದಲ್ಲ.
ಬಾಡಿಗೆ ಕುರ್ಚಿ ಅರವತ್ತು.
ಕೇಳಲು ಬಂದವರು, ಮನೆಯವರನ್ನು ಕಳೆದರೆ, ಹನ್ನೊಂದು;
ಅದರಲ್ಲಿ ನಾಲ್ವರು ವಾಕಿಂಗಿನವರು,
ಸುತ್ತು ಬಂದಾಗಲೆಲ್ಲ ಹೊಸದಾಗಿ ಎಣಿಸಿದೆ.

ಎರಡನೇ ಹಾಡಿನ ನಡುವೆ ಎಲ್ಲ ಕೈಬಿಟ್ಟುಹೋಯಿತು.
ಡಾಕ್ಟರು ಎಲ್ಲೋ ಮುಂದೆ, ಕಾರ್ನೆಟ್ಟು ಎಲ್ಲೋ ಹಿಂದೆ,
ಎಂಟನೇ ಕ್ಲಾಸಿನ ಪ್ರಣತಿ ಡ್ರಮ್ಮಿನ ಕೋಲು ಎತ್ತಿದವಳು
ಎಲ್ಲಿ ಇಳಿಸಲಿ ಎಂದು ನನ್ನನ್ನೇ ನೋಡಿದಳು. ನನ್ನನ್ನು!
ಆಗ ದಸ್ತಗೀರರು, ಏಳದೆ, ಅವಸರಿಸದೆ,
ಒಂದು ಸ್ವರ ಹಿಡಿದು ಕೂತರು.
ಬರೀ ಒಂದು.
ಕೊನೇ ಟ್ರಿಪ್ಪು ಮುಗಿಸಿದ ಬಸ್ಸುಗಳು
ರಾತ್ರಿ ಡಿಪೋಗೆ ಬರುವ ಹಾಗೆ
ಒಬ್ಬೊಬ್ಬರೇ ಬಂದು ಅದರ ಪಕ್ಕ ನಿಂತರು.

ಕತ್ತಲಾಯಿತು. ನಾಡಿದ್ದು ಶ್ರಾವಣ.
ಸಾಬರ ಜೇಬಿನಲ್ಲಿ ಫೋನು ಆಗಲೇ ಎರಡು ಸಲ ನಡುಗಿತ್ತು.
ಕುರ್ಚಿಯ ಹುಡುಗ ಟೆಂಪೋಗೆ ಏರಿಸುತ್ತಾ ಎಣಿಸಿದ,
ಮತ್ತೆ ಎಣಿಸಿದ:
‘ಐವತ್ತೊಂಬತ್ತೇ ಇದೆ ಮೇಡಂ, ಒಂದು ಶಾರ್ಟು.’

ಬ್ಯಾಂಡ್‌ಸ್ಟ್ಯಾಂಡಿನ ಮೇಲೆ ಲೈಟು ಆರಿತ್ತು.
ಟ್ರಂಪೆಟ್ಟನ್ನು ತೊಡೆಯ ಮೇಲೆ ಮಲಗಿಸಿಕೊಂಡು
ಒಬ್ಬರು ಕೂತಿದ್ದರು.

‘ಲೆಕ್ಕ ಸರಿಯಾಗಿದೆ’ ಎಂದೆ. ‘ಹೋಗಿ ಟೀ ಕುಡಿದು ಬಾ.’